ಡ್ರೋನ್ ಬಂತು, ಆಕಾಶ ಎಲ್ಲಿ?

ಒಂದು ನಿಜ ಹೇಳಿ. ಆ ಡಬ್ಬ ಮನೆಗೆ ಬಂದು ಎಷ್ಟು ದಿನ ಆಯ್ತು? ಒಂದೂವರೆ ತಿಂಗಳು? ಬಂದ ರಾತ್ರಿಯೇ ಹಾಲ್‌ನಲ್ಲಿ ಹಾರಿಸಿ ಫ್ಯಾನಿಗೆ ಹೊಡೆಸಿದಿರಿ. (ಫ್ಯಾನಿಗೆ ಏನೂ ಆಗಲಿಲ್ಲ ಬಿಡಿ.) ಅವತ್ತಿಂದ ಅದು ಬೀರು ಮೇಲೆ, ಹೋದ ವರ್ಷದ ಗಿಟಾರು, ಅದರ ಹಿಂದಿನ ವರ್ಷದ ಟೆಲಿಸ್ಕೋಪು, ಇವುಗಳ ಪಕ್ಕದಲ್ಲಿ ಸಂಸಾರ ಹೂಡಿದೆ.

ಮನೆಗೆ ನೆಂಟರು ಬಂದರೆ ಮಾತ್ರ ಕೆಳಗಿಳಿಯುತ್ತೆ. ನಾಲ್ಕು ರೆಕ್ಕೆ ಬಿಚ್ಚಿ ಟೀಪಾಯಿ ಮೇಲೆ ಇಡ್ತೀರಿ. "ಹಾರಿಸಿ ನೋಡೋಣ" ಅಂತ ಅವರು ಅಂದ ತಕ್ಷಣ ನಿಮ್ಮ ಮುಖದಲ್ಲಿ ಒಂದು ದೊಡ್ಡಮನುಷ್ಯನ ಬೇಸರ. "ಅಯ್ಯೋ, ಎಲ್ರೀ ಹಾರಿಸೋದು? ಈ ದೇಶದಲ್ಲಿ ಎಲ್ಲದಕ್ಕೂ ರೂಲ್ಸು!"

ಆ ರೂಲ್ಸು ಓದಿದ್ದೀರಾ? ಇಲ್ಲ ಅಲ್ವಾ? ನಾಚ್ಕೋಬೇಡಿ, ನಾನೂ ಓದಿರಲಿಲ್ಲ. ನಮ್ಮ ಜಾತಿಯೇ ಹಂಗೆ. ಮಿಕ್ಸಿ ತಂದರೂ ಅಷ್ಟೇ, ಡ್ರೋನ್ ತಂದರೂ ಅಷ್ಟೇ. ಮೊದಲು ಸ್ವಿಚ್ಚು, ಹೊಗೆ ಬಂದ ಮೇಲೆ ಪುಸ್ತಕ.

"ನಾವು ಚಿಕ್ಕವರಿದ್ದಾಗ ಟೆರೇಸ್ ಮೇಲೆ ಗಾಳಿಪಟ ಹಾರಿಸ್ತಿರಲಿಲ್ವಾ? ಯಾರು ಕೇಳಿದ್ರು?" ಅಂತ ನೀವು ವಾದ ಹೂಡ್ತೀರಿ, ಗೊತ್ತು. ಹಾಗಾದ್ರೆ ಇದನ್ನ ಕೇಳಿ. 1934ರ ಏರ್‌ಕ್ರಾಫ್ಟ್ ಆಕ್ಟ್‌ನಲ್ಲಿ 'ವಿಮಾನ' ಅಂದರೇನು ಅಂತ ವಿವರಿಸುವ ಕಡೆ ಬಲೂನು, ಗ್ಲೈಡರ್ ಜೊತೆಗೆ ಗಾಳಿಪಟವೂ ಕೂತಿತ್ತು. ಅಂದರೆ ಆಷಾಢದ ಗಾಳಿಯಲ್ಲಿ ಮೈದಾದ ಅಂಟು, ತೆಂಗಿನಗರಿ ಕಡ್ಡಿ ಹಾಕಿ ನೀವು ಹಾರಿಸಿದ್ದು ವಿಮಾನ! ಬಾಲಕ್ಕೆ ಕಟ್ಟಿದ್ದು ಅಜ್ಜಿಯ ಹಳೇ ಸೀರೆ ಅಂಚು, ಅದು ಬೇರೆ ವಿಷಯ.

ಈಗ ಡ್ರೋನಿಗೆ ಬರೋಣ. 2021ರ ಆಗಸ್ಟ್ 25ಕ್ಕೆ ಕೇಂದ್ರ ಸರ್ಕಾರ ಹೊಸ ಡ್ರೋನ್ ನಿಯಮ ತಂತು. ಮುಂದಿನ ತಿಂಗಳೇ ಇಡೀ ದೇಶದ ಆಕಾಶಕ್ಕೆ ಬಣ್ಣ ಬಳಿದ ಒಂದು ಮ್ಯಾಪು ಬಂತು. ಡಿಜಿಟಲ್ ಸ್ಕೈ ಅಂತ ವೆಬ್‌ಸೈಟು, ಅದರಲ್ಲಿದೆ. ಮೂರೇ ಬಣ್ಣ: ಕೆಂಪು, ಹಳದಿ, ಹಸಿರು. ನಮ್ಮ ಸಿಗ್ನಲ್ ಲೈಟಿನ ಹಾಗೇ.

ತೊಂದರೆ ಇರೋದೇ ಅಲ್ಲಿ. ಸಿಗ್ನಲ್ಲಿನಲ್ಲಿ ಹಳದಿ ಬಿದ್ದರೆ ನೀವೇನ್ಮಾಡ್ತೀರಿ? (ದೇವರಾಣೆ ಮಾಡಿ ಹೇಳಿ.) ಆಕ್ಸಿಲರೇಟರ್ ಒತ್ತೋರು ನೀವು. ಈ ಹಳದಿ ಹಂಗಲ್ಲ ಸ್ವಾಮಿ. ಇಲ್ಲಿ ಹಳದಿ ಅಂದರೆ ಆ ಭಾಗದ ವಿಮಾನ ಸಂಚಾರ ನೋಡ್ಕೊಳ್ಳೋ ಕಂಟ್ರೋಲ್ ಟವರಿನವರ ಅನುಮತಿ ಬೇಕು. ಕೆಂಪಿಗಂತೂ ಕೇಂದ್ರ ಸರ್ಕಾರವೇ ಹೂಂ ಅನ್ನಬೇಕು. ನಿಮ್ಮ ಮಗನ ಬರ್ತ್‌ಡೇ ವಿಡಿಯೋಗೆ ಅಂತ ದೆಹಲಿಗೆ ಅರ್ಜಿ ಬರೀತೀರಾ? ಹಸಿರಿದ್ದರೆ ಮಾತ್ರ ಅನುಮತಿ ಬೇಡ, ನೆಲದಿಂದ 400 ಅಡಿವರೆಗೆ ಹಾರಿಸ್ಕೊಳ್ಳಿ.

400 ಅಡಿ ಕಮ್ಮಿ ಆಯ್ತು ಅಂತ ಗೊಣಗಬೇಡಿ. ತೆಂಗಿನಮರದ ಮೇಲೆ ತೆಂಗಿನಮರ, ಹಂಗೆ ಐದು ನಿಲ್ಲಿಸಿದರೂ ಅಷ್ಟು ಆಗೋದು ಕಷ್ಟ. ನಿಮ್ಮ ಡ್ರೋನು ಅಲ್ಲಿ ಮೇಲೆ ನೊಣದ ಹಾಗೆ ಕಾಣುತ್ತೆ. ಹವ್ಯಾಸಕ್ಕೆ ಹಾರಿಸೋರು ಅದನ್ನ ಬರೀ ಕಣ್ಣಿಗೆ ಕಾಣೋ ಹಾಗೇ ಹಾರಿಸಬೇಕು ಅನ್ನೋದು ನಿಯಮ. ನೀವು ನೋಡೋದು ಎಲ್ಲಿ? ಫೋನಿನ ಸ್ಕ್ರೀನು.

ಬೆಂಗಳೂರಿನೋರಾ ನೀವು? ಹಾಗಾದ್ರೆ ಒಂದು ಲೋಟ ನೀರು ಕುಡಿದು ಕೂತ್ಕೊಳ್ಳಿ. ಉತ್ತರಕ್ಕೆ ದೇವನಹಳ್ಳಿಯ ವಿಮಾನ ನಿಲ್ದಾಣ. ಅದರ ಕೆಳಗೆ ಯಲಹಂಕದ ವಾಯುಪಡೆ ನೆಲೆ. ಅದರ ಪಕ್ಕ ಜಕ್ಕೂರಿನ ಏರೋಡ್ರೋಮು. ಪೂರ್ವಕ್ಕೆ ಎಚ್‌ಎಎಲ್ ವಿಮಾನ ನಿಲ್ದಾಣ. ವಿಮಾನ ನಿಲ್ದಾಣದ ಕಾಂಪೌಂಡಿನಿಂದ 8 ಕಿ.ಮೀ. ಒಳಗೆ ಹಸಿರಿನ ಮಾತೇ ಇಲ್ಲ. 8ರಿಂದ 12 ಕಿ.ಮೀ. ನಡುವೆ ಹಸಿರು ಬರೀ 200 ಅಡಿಗೆ, ಅದರ ಮೇಲೆ ಹಳದಿ. ರಂಗೋಲಿ ಹಾಕೋ ಹಾಗೆ ಈ ನಾಲ್ಕೂ ಚುಕ್ಕಿ ಸುತ್ತ ವೃತ್ತ ಎಳೆದು ನೋಡಿ, ನಿಮ್ಮ ಮನೆ ಯಾವುದರ ಹೊಟ್ಟೆಯಲ್ಲಿದೆ ಅಂತ ಗೊತ್ತಾಗುತ್ತೆ.

ಅದೂ ಯಲಹಂಕದ ಕಡೆಯವರಾದ್ರೆ ಕನಸು ಬಿಡಿ. ಏರೋ ಇಂಡಿಯಾ ವಿಮಾನ ಪ್ರದರ್ಶನ ಬಂತು ಅಂದರೆ ಅಲ್ಲಿ ಮಾಂಸದಂಗಡಿಯನ್ನೇ ಮುಚ್ಚಿಸ್ತಾರೆ. 2025ರಲ್ಲಿ ವಾಯುನೆಲೆ ಸುತ್ತ 13 ಕಿ.ಮೀ. ವರೆಗೆ ಮಟನ್ನೂ ಇಲ್ಲ, ಚಿಕನ್ನೂ ಇಲ್ಲ. ಯಾಕೆ? ಎಸೆದ ತುಂಡಿಗೆ ಹದ್ದು ಬರುತ್ತೆ, ಹದ್ದು ವಿಮಾನಕ್ಕೆ ಬಡಿಯುತ್ತೆ ಅಂತ. ಹದ್ದಿಗೆ ಹೆದರಿ ಜನರ ಭಾನುವಾರದ ಸಾರನ್ನೇ ನಿಲ್ಲಿಸಿದೋರು, ನಿಮ್ಮ ಡ್ರೋನನ್ನ ಬಾ ಅಂತ ಕರೀತಾರಾ?

"ನನ್ನ ಸೈಟು, ನನ್ನ ಮನೆ ಮೇಲೆ ನಾನು ಹಾರಿಸಿದರೆ ಯಾರಪ್ಪಂದೇನು?" ಬಂತು ನೋಡಿ, ಬ್ರಹ್ಮಾಸ್ತ್ರ. ನಿಮ್ಮದು ಎ ಖಾತಾನೇ ಇರಬಹುದು, ಇ-ಖಾತಾನೂ ಆಗಿರಬಹುದು. ಆದರೆ ಖಾತಾ ನೆಲಕ್ಕೆ ಮಾತ್ರ ಕಣ್ರೀ, ಆಕಾಶಕ್ಕಲ್ಲ. ಪೂರ್ವಕ್ಕೆ ರಸ್ತೆ, ಪಶ್ಚಿಮಕ್ಕೆ ಪಕ್ಕದವರ ಮನೆ ಅಂತ ಚೆಕ್ಕುಬಂದಿ ಬರೆಸಿದ್ದೀರಲ್ಲ, ಅದರಲ್ಲಿ ಮೇಲ್ಗಡೆ ಏನು ಅಂತ ಬರೆಸಿದ್ದೀರಾ?

ಆಮೇಲೆ ಆ ಪಕ್ಕದ ಮನೆಯವರ ಗತಿ ಏನು? ನಮ್ಮ ಬೀದಿಯಲ್ಲಿ ಒಬ್ಬರು ನಿಮ್ಮ ಥರದೋರೇ ಹಾರಿಸಿದ್ರು. ಎದುರು ಮನೆ ಟೆರೇಸಿನಲ್ಲಿ ಅಜ್ಜಿ ಹಳೇ ಪಂಚೆ ಹಾಸಿ ಅರಳು ಸಂಡಿಗೆ ಇಡ್ತಿದ್ರು. ಇದು ಗುಂಯ್ ಅಂತ ಕೆಳಗಿಳೀತು, ಸಂಡಿಗೆ ಎಲ್ಲ ಚೆಲ್ಲಾಪಿಲ್ಲಿ. ಅಜ್ಜಿ ಕಾಗೆ ಓಡಿಸೋ ಕೋಲು ಬೀಸಿದ್ರು ನೋಡಿ, ಅದರ ಮುಂದೆ ಯಾವ ಪೊಲೀಸ್ ಕೇಸೂ ಇಲ್ಲ. (ಕೋಲು ತಾಗಲಿಲ್ಲ. ಬೈಗುಳ ಎಲ್ಲ ತಾಗಿತು.)

ಇನ್ನೊಂದು ನಿಮ್ಮ ಖಾಸಾ ಡೈಲಾಗು: "ನಂದು 249 ಗ್ರಾಂ, ಯಾವ ರೂಲ್ಸೂ ಅಪ್ಲೈ ಆಗಲ್ಲ." ಅಂಗಡಿಯವನು ಹೇಳಿಕೊಟ್ಟಿದ್ದು ತಾನೆ? 250 ಗ್ರಾಂ ವರೆಗಿನದು ನ್ಯಾನೋ, ನಿಜ. ಅದಕ್ಕೆ ಪೈಲಟ್ ಸರ್ಟಿಫಿಕೇಟೂ ಬೇಡ, ಇನ್ಶೂರೆನ್ಸೂ ಬೇಡ. ಆದರೆ ಕೆಂಪು ಬಣ್ಣಕ್ಕೆ ತಕ್ಕಡಿ ಇಲ್ಲ. ಕಂಟ್ರೋಲ್ ಟವರಿನ ಎದುರಿಗೆ ಹಾರೋದು ಕಾಲು ಕೆ.ಜಿ.ದೋ ಕಾಲು ಕ್ವಿಂಟಾಲಿದೋ ಅಂತ ಮೇಲೆ ಇರೋ ವಿಮಾನಕ್ಕೆ ಹೇಗೆ ಗೊತ್ತಾಗಬೇಕು?

ಅದೂ ಅಲ್ಲದೆ ತೂಕ ಅಂದರೆ ಹೊತ್ಕೊಂಡು ಹೋಗೋ ಎಲ್ಲದರ ತೂಕ. ಫ್ಯಾನಿಗೆ ಹೊಡೆದ ಮೇಲೆ ಹೆದರಿ ರೆಕ್ಕೆ ಸುತ್ತ ಪ್ಲಾಸ್ಟಿಕ್ ಗಾರ್ಡ್ ಹಾಕಿಸಿದಿರಲ್ಲ, ಆ ಮೇಲೆ ತೂಗಿದ್ದೀರಾ? ಅಡುಗೆಮನೆಯ ಕೇಕ್ ತಕ್ಕಡಿ ಮೇಲೆ ಇಟ್ಟು ನೋಡಿ. ನ್ಯಾನೋ ಅಂತ ಹೋದದ್ದು ಮೈಕ್ರೋ ಆಗಿ ಇಳಿಯುತ್ತೆ. 250 ಗ್ರಾಂ ದಾಟಿದರೆ 2 ಕೆ.ಜಿ. ವರೆಗೆ ಮೈಕ್ರೋ. ಅದಕ್ಕೆ ಕಾರಿಗೆ ನಂಬರ್ ಪ್ಲೇಟು ಇದ್ದ ಹಾಗೆ ಒಂದು ನೋಂದಣಿ ನಂಬರು ಬೇಕು, ಇನ್ಶೂರೆನ್ಸೂ ಬೇಕು. ಹವ್ಯಾಸಕ್ಕಾದರೆ ಪೈಲಟ್ ಸರ್ಟಿಫಿಕೇಟು ಬೇಡ.

'ಹವ್ಯಾಸಕ್ಕಾದರೆ' ಅನ್ನೋ ಮಾತನ್ನ ಸ್ವಲ್ಪ ಗಮನಿಸಿ. ಚಿಕ್ಕಪ್ಪನ ಮಗಳ ಮದುವೆಗೆ "ನಾನೇ ಶೂಟ್ ಮಾಡ್ಕೊಡ್ತೀನಿ, ಪೆಟ್ರೋಲ್ ಖರ್ಚು ಕೊಡಿ ಸಾಕು" ಅಂತ ಮಾತು ಕೊಟ್ಟಿದ್ದೀರಂತೆ? ದುಡ್ಡು ಕೈ ಬದಲಾದರೆ ಹವ್ಯಾಸ ವ್ಯಾಪಾರ ಆಗುತ್ತೆ. ಅದೂ ಇರಲಿ, ಧಾರೆ ಹೊತ್ತಿಗೆ ಮಂಟಪದ ಮೇಲೆ ಇದನ್ನ ತಂದರೆ ಗಾಳಿಗೆ ಅಕ್ಷತೆ ಎಲ್ಲ ಬೀಗರ ಕಡೆಗೇ ಹಾರುತ್ತೆ. ಆಮೇಲೆ ಅಪಶಕುನ, ಅದು ಇದು ಅಂತ ಮೂರು ತಲೆಮಾರು ನಿಮ್ಮನ್ನ ನೆನೆಸ್ಕೋತಾರೆ.

ನ್ಯೂಜೆರ್ಸಿಯ ಭಾವನ ಹತ್ತಿರ "ಬರ್ತಾ ದೊಡ್ಡದೊಂದು ತನ್ನಿ" ಅಂತ ಹೇಳಿದ್ದೀರಾ? ಬೇಗ ಫೋನ್ ಮಾಡಿ ಬೇಡ ಅನ್ನಿ. 2022ರ ಫೆಬ್ರವರಿ 9ರಿಂದ ವಿದೇಶಿ ಡ್ರೋನ್ ಆಮದಿಗೆ ನಿಷೇಧ ಇದೆ. ಏರ್‌ಪೋರ್ಟಿನಲ್ಲಿ ಸೂಟ್‌ಕೇಸ್ ಬಿಚ್ಚಿಸಿದಾಗ ಭಾವ ನಿಮ್ಮ ಹೆಸರು ಹೇಳದೆ ಬಿಡ್ತಾರಾ? ಚಾಕೊಲೇಟು, ಬಾಡಿ ಲೋಷನ್ನು ತರಲಿ ಸಾಕು.

ಸರಿ, ಬೆಂಗಳೂರು ಬಿಟ್ಟು ಆಚೆ ಹೋಗೋಣ ಅಂತೀರಿ. ನಿಮ್ಮ ಲಿಸ್ಟು ನನಗೆ ಬಾಯಿಪಾಠ: ಹಂಪಿ, ಕೆಆರ್‌ಎಸ್, ಬಂಡೀಪುರ, ಕಾರವಾರ. ಎಂಥಾ ಆಯ್ಕೆ ಕಣ್ರೀ! ಒಂದು ಪುರಾತತ್ವ ಇಲಾಖೆಯದು, ಒಂದು ಅಣೆಕಟ್ಟು, ಒಂದು ಹುಲಿಯದು, ಇನ್ನೊಂದು ನೌಕಾಪಡೆಯದು. ಬೇಡ ಅನ್ನೋ ಜಾಗಗಳನ್ನೇ ಹುಡುಕಿ ಹುಡುಕಿ ಹಾರ ಪೋಣಿಸಿದ್ದೀರಿ.

ಇಲ್ಲೇ ನನಗೆ ನಿಮ್ಮ ಮೇಲೆ ಅನುಮಾನ ಶುರುವಾಗಿದ್ದು. ಹಾರಿಸೋದು ಕಲಿಯೋಕೆ ಹಂಪಿಯ ಕಲ್ಲಿನ ರಥ ಯಾಕೆ ಬೇಕು? ಕಲಿಯೋಕೆ ಬೇಕಾದ್ದು ಒಂದು ಬಯಲು. ಮರ ಇಲ್ಲ, ಕರೆಂಟ್ ಕಂಬ ಇಲ್ಲ, ಮುಖ್ಯವಾಗಿ ಜನ ಇಲ್ಲ. ಅಂಥ ಜಾಗ ಮ್ಯಾಪಿನಲ್ಲಿ ಹಸಿರಾಗಿ ತಾಲ್ಲೂಕುಗಟ್ಟಲೆ ಬಿದ್ದಿದೆ. ನಿಮಗೇ ಬೇಡ. ಯಾಕಂದ್ರೆ ಅಲ್ಲಿ ನೋಡೋರಿಲ್ಲ! ನಾಲ್ಕು ಜನ ಕತ್ತು ಎತ್ತಿ "ಯಾರದಪ್ಪಾ ಅದು?" ಅಂತ ಕೇಳಬೇಕು, ನೀವು ರಿಮೋಟು ಹಿಡಿದು ಕೂಲಿಂಗ್ ಗ್ಲಾಸಿನಲ್ಲಿ ಸುಮ್ಮನೆ ನಿಂತಿರಬೇಕು. ಹೌದೋ ಅಲ್ವೋ? ಜನ ಇದ್ದ ಕಡೆ ಹಾರಿಸಬಾರದು, ಜನ ಇಲ್ಲದ ಕಡೆ ಹಾರಿಸೋಕೆ ನಿಮಗೆ ಮನಸ್ಸಿಲ್ಲ. ಅದಕ್ಕೇ ಅದು ಬೀರು ಮೇಲೆ.

ಇಷ್ಟೆಲ್ಲ ಹೇಳೋಕೆ ನನಗೇನು ಅರ್ಹತೆ ಅಂತೀರಾ? ನನ್ನದೂ ಐದು ತಿಂಗಳು ಬೀರು ಮೇಲೇ ಇತ್ತು. ಸಂಕ್ರಾಂತಿ ಆದ ಮೇಲೆ ಒಂದು ಭಾನುವಾರ ನಾಗಮಂಗಲದ ಕಡೆ ನಮ್ಮಮ್ಮನ ತವರಿಗೆ ಹೋದಾಗ ಧೈರ್ಯ ಮಾಡಿ ತಗೊಂಡು ಹೋದೆ. ಹಿಂದಿನ ರಾತ್ರಿ ಮ್ಯಾಪು ನೋಡಿದ್ದೆ, ಹಸಿರು. ಬೆಳಗ್ಗೆ ಎದ್ದು ಇನ್ನೊಂದು ಸಲ ನೋಡಿದೆ. (ನಗಬೇಡಿ. ವಿಐಪಿ ಬಂದ್ರೂ, ಗಲಾಟೆ ಆದ್ರೂ ಎಸ್‌ಪಿ ದರ್ಜೆಯ ಅಧಿಕಾರಿ ಯಾವ ಜಾಗವನ್ನಾದರೂ 96 ಗಂಟೆ ತಾತ್ಕಾಲಿಕ ಕೆಂಪು ಮಾಡಬಹುದು. ರಾತ್ರಿಯ ಹಸಿರು ಬೆಳಗಾಗೋದರೊಳಗೆ ಹಣ್ಣಾಗಿರಬಹುದು.) ಆದಿಚುಂಚನಗಿರಿ ಕಡೆ ನವಿಲುಧಾಮ ಇದೆ, ಆ ದಿಕ್ಕಿಗೆ ತಲೆ ಹಾಕಲಿಲ್ಲ.

ಮಾವನ ರಾಗಿ ಹೊಲ. ಕೊಯ್ಲಾಗಿ, ಮೆದೆ ಒಟ್ಟಿ, ಕೂಳೆ ಮಾತ್ರ ನಿಂತಿತ್ತು. ಬೆಳಗ್ಗೆ ಏಳು ಗಂಟೆ, ಒಂದು ಎಲೆಯೂ ಅಲುಗಾಡ್ತಿರಲಿಲ್ಲ. ಕೂಳೆಯಲ್ಲಿ ರೆಕ್ಕೆ ಸಿಕ್ಕಿಕೊಳ್ಳುತ್ತೆ ಅಂತ ಮಾವ ಒಂದು ಮೊರ ಮಗುಚಿ ಹಾಕಿಕೊಟ್ರು. ಅದೇ ನನ್ನ ರನ್‌ವೇ. ಕಂಪಾಸ್ ಸರಿಮಾಡಿ ಅಂತ ಫೋನು ಹೇಳ್ತು, ಡ್ರೋನ್ ಕೈಯಲ್ಲಿ ಹಿಡ್ಕೊಂಡು ಹೊಲದ ನಡುವೆ ಗಿರಗಿರ ಸುತ್ತಿದೆ. ದೂರದಿಂದ ನೋಡಿದೋರಿಗೆ ಮೈಮೇಲೆ ದೇವರು ಬಂದ ಹಾಗೇ ಕಂಡಿರಬೇಕು.

ಮೇಲೇರಿತು. ಇಪ್ಪತ್ತು ಅಡಿ, ಮೂವತ್ತು ಅಡಿ. ನೋಡೋರಿಲ್ಲ ಅಂದೆನಲ್ಲ? ಅದು ನಗರದೋರ ಭ್ರಮೆ. ಐದು ನಿಮಿಷಕ್ಕೆ ಬದು ತುಂಬ ಜನ! ತಲೆಗೆ ಟವೆಲ್ ಸುತ್ತಿದ ಒಬ್ಬ ಯಜಮಾನರು ಹತ್ತಿರ ಬಂದು ಕೇಳಿದ್ರು: "ಏನಪ್ಪೋ, ಸರ್ವೆಯೋರಾ?"

ಅಲ್ಲ ಅಂದೆ. ಅವರು ನಂಬಲಿಲ್ಲ. ಅವರದೇನು ತಪ್ಪಿಲ್ಲ. ಸ್ವಾಮಿತ್ವ ಯೋಜನೆ ಅಂತ 2020ರಲ್ಲಿ ಶುರುವಾಯ್ತಲ್ಲ, ಹಳ್ಳಿ ಮನೆ, ಹಿತ್ತಲು ಎಲ್ಲ ಡ್ರೋನ್‌ನಲ್ಲಿ ಅಳೆದು ಪ್ರಾಪರ್ಟಿ ಕಾರ್ಡು ಕೊಡೋದು? ಮೊದಲ ಸುತ್ತಿಗೆ ಆರಿಸಿದ ಆರು ರಾಜ್ಯದಲ್ಲಿ ನಮ್ಮದೂ ಒಂದು. ಹಳ್ಳಿಯವರಿಗೆ ಡ್ರೋನ್ ಅಂದರೆ ಸರ್ಕಾರಿ ನೌಕರ. "ನಮ್ ಹಿತ್ಲು ಆ ಕಡೆಯೋರು ಮೂರು ಅಡಿ ಒತ್ತವ್ರೆ ಕಣಪ್ಪ, ಒಂದ್ ಸಲ ಮ್ಯಾಲಿಂದ ನೋಡ್ ಹೇಳ್ಬುಡು" ಅಂತ ಯಜಮಾನರು. ಅವರ ಹಿಂದೆ ನಿಂತಿದ್ದ ಹೆಂಗಸು: "ಸರ್ವೆ ಅಲ್ಲ ಕಣಣ್ಣೋ, ಇದು ಔಷ್ದಿ ಹೊಡಿಯೋ ಮಿಸನ್ನು. ಎಕ್ರೆಗೆ ಏಟು ತಗತೀಯಪ್ಪಾ?"

ಆಟಕ್ಕೆ ಹಾರಿಸ್ತಿದ್ದೀನಿ ಅಂದೆ. ಬದುವಿನ ಮೇಲೆ ಒಂದು ಕ್ಷಣ ಮೌನ. "ಆಟುಕ್ಕಾ?" ಅಂತ ಯಜಮಾನರು ನನ್ನ ತಲೆಯ ನರೆ ನೋಡಿದ್ರು. ಕೂಲಿಂಗ್ ಗ್ಲಾಸ್ ತೆಗೆದು ಜೇಬಿಗೆ ಹಾಕ್ಕೊಂಡೆ.

ಆ ನಾಚಿಕೆಯಲ್ಲೇ ಕೈ ತಪ್ಪಿತು. ಡ್ರೋನಿನ ಮೂತಿ ನನ್ನ ಕಡೆ ತಿರುಗಿದ್ದಾಗ ಎಡ ಅಂದರೆ ಬಲ, ಬಲ ಅಂದರೆ ಎಡ. ಕಾಗದದಲ್ಲಿ ಓದಿದ್ದೆ. ಹೊಲದಲ್ಲಿ ಮರೆತೆ. ಎಡಕ್ಕೆ ಒತ್ತಿದೆ, ಅದು ನೇರ ಹೋಗಿ ಬದುವಿನ ತೆಂಗಿನಮರದ ಸುಳಿಯಲ್ಲಿ ಕೂತಿತು. ಇಡೀ ಎಂಟು ಎಕರೆ ಬಯಲಿನಲ್ಲಿ ಇದ್ದದ್ದು ಅದೊಂದೇ ಮರ ಕಣ್ರೀ!

ಮರ ಹತ್ತೋನನ್ನ ಕರೆಸಿದ್ರು. ಬಂದವನು ಮೇಲೆ ನೋಡಿ, "ಎಷ್ಟಣ್ಣ ಇದು?" ಅಂದ. ನಾನು ಜಂಬದಲ್ಲಿ "ನಲವತ್ತು ಸಾವಿರ" ಅಂದೆ. (ಈ ತಪ್ಪು ನೀವು ಮಾಡಬೇಡಿ. ಕೇಳಿದರೆ ಮಕ್ಕಳ ಆಟದ ಸಾಮಾನು ಅನ್ನಿ.) "ಕಾಯಿ ಕೀಳಕ್ಕೆ ಮರಕ್ಕೆ ಐವತ್ತು. ಇದು ನಲವತ್ತು ಸಾವುರದ ಕಾಯಿ, ಐನೂರು ಕೊಡು" ಅಂದ. ಕೊಟ್ಟೆ. ಸೊಂಟದ ಟವೆಲಿನಲ್ಲಿ ಮಗೂನ ಕಟ್ಟಿಕೊಂಡ ಹಾಗೆ ಕಟ್ಟಿಕೊಂಡು ಇಳಿಸಿದ. ಜೊತೆಗೆ ಎರಡು ಎಳನೀರೂ ಇಳಿಸಿದ, ಪುಣ್ಯಾತ್ಮ.

ಒಂದು ರೆಕ್ಕೆ ಮುರಿದಿತ್ತು, ಡಬ್ಬದಲ್ಲಿ ಬದಲಿ ಇತ್ತು. ಹಾಕಿ ಮತ್ತೆ ಹಾರಿಸಿದೆ. ಈ ಸಲ ಎಲ್ಲಿಗೂ ಕಳಿಸಲಿಲ್ಲ. ಎದೆ ಮಟ್ಟಕ್ಕೆ ಏರಿಸೋದು, ಹತ್ತು ಎಣಿಸೋವರೆಗೆ ನಿಲ್ಲಿಸೋದು, ಮೊರದ ಮೇಲೆ ಇಳಿಸೋದು. ಮೂತಿ ಆಚೆ ಇಟ್ಟು ನಾಲ್ಕು ಮೂಲೆ ಸುತ್ತಿಸೋದು, ಆಮೇಲೆ ಮೂತಿ ಈಚೆ ಇಟ್ಟು ಅದನ್ನೇ ಮಾಡೋದು. ನೋಡೋರಿಗೆ ಮಹಾ ಬೋರು. ಬದುವಿನ ಜನ ಒಬ್ಬೊಬ್ಬರೇ ಹೊರಟು ಹೋದ್ರು. ಯಾರೂ ಇಲ್ಲದ ಮೇಲೆ ನನ್ನ ಕೈ ನಡುಗೋದು ನಿಂತಿತು, ಆರನೇ ಸಲಕ್ಕೆ ಅದು ಮೊರದ ನಟ್ಟನಡುವೆ ಇಳೀತು. ವಿಡಿಯೋ ಆನ್ ಮಾಡಿರಲಿಲ್ಲ, ಹಂಗಾಗಿ ನೀವು ನಂಬಲ್ಲ.

ಹಾಗಾಗಿ ನಿಮಗೆ ಜಾಗ ಹುಡುಕೋದು ಅಂದ್ರೆ ಇಷ್ಟೇ. ಊರಲ್ಲಿ ಸೋದರಮಾವನೋ, ಹಳೇ ಸ್ನೇಹಿತನೋ, ಯಾರಾದ್ರೂ ಜಮೀನಿರೋರು ನೆನಪಿಗೆ ಬರ್ತಾರಾ ನೋಡಿ. (ಸೈಟು ಮಾರ್ತಾರಾ ಅಂತ ಮಾತ್ರ ಫೋನ್ ಮಾಡ್ತಿದ್ದೋರು ನೀವು, ಈ ಸಲ ಯೋಗಕ್ಷೇಮ ವಿಚಾರಿಸಿ.) ಮ್ಯಾಪಿನಲ್ಲಿ ಅವರ ಹೊಲದ ಮೇಲೆ ಬೆರಳಿಡಿ. ಹಸಿರಿದ್ದರೆ ಅವರನ್ನ ಕೇಳಿ, ಕೊಯ್ಲಾಗಲಿ ಅಂತ ಕಾಯಿರಿ. ಆಷಾಢದಲ್ಲಿ ಮಾತ್ರ ಹೋಗಬೇಡಿ, ಆ ಗಾಳಿಗೆ ಅದು ನಿಮ್ಮ ಮಾತು ಕೇಳಲ್ಲ. ನಿಯಮ ಮುರಿದರೆ ದಂಡ ಒಂದು ಲಕ್ಷದವರೆಗೆ. ಅಷ್ಟರಲ್ಲಿ ನನ್ನ ಡ್ರೋನಿನಂಥದ್ದು ಎರಡು ಬಂದು, ಮರ ಹತ್ತೋನಿಗೂ ಮಿಗುತ್ತೆ.

ಈಗ ಸ್ಟೂಲ್ ಹಾಕ್ಕೊಂಡು ಆ ಡಬ್ಬ ಕೆಳಗಿಳಿಸಿ. ಒಂದೂವರೆ ತಿಂಗಳಿಂದ ಬ್ಯಾಟರಿ ಚಾರ್ಜಿಗೆ ಹಾಕಿಲ್ಲ ಅಲ್ವಾ? ಅದು ಎದ್ದೇಳುತ್ತೋ ಇಲ್ವೋ ಮೊದಲು ನೋಡ್ಕೊಳ್ಳಿ.